ಕಾಕು ಕಲಿಸಿದ ಆಟ

ಆಟಕ್ಕೆ ನಿಲ್ಲುವ ಮೊದಲು ಅವರು ಎರಡೂ ಕೈಯ ಹಸಿರು ಬಳೆಗಳನ್ನು ಮೇಲಕ್ಕೇರಿಸಿ, ಸದ್ದಾಗದಂತೆ ಕರವಸ್ತ್ರ ಬಿಗಿಯುತ್ತಿದ್ದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೇಜಿನ ಮೇಲೆ ಗದ್ದ ಕೋಲಿಗೆ ತಾಗುವಷ್ಟು ಬಾಗಿ, ಒಂದು ಕಣ್ಣು ಕಿರಿದು ಮಾಡಿದರೆಂದರೆ ಮಾತು ಬಂದ್.

ಗೋಕಾಕದಲ್ಲಿ ಅವರು ನಮ್ಮ ನೆರೆಮನೆಯವರು. ಓಣಿಗೆಲ್ಲ ಅವರು ಕಾಕು, ಅಂದರೆ ಚಿಕ್ಕಮ್ಮ; ಅವರ ಯಜಮಾನರು ಕಾಕಾ. ಕಾಕಾ ಸಕ್ಕರೆ ಕಾರ್ಖಾನೆಯ ಎಂಜಿನಿಯರು. ಕೆಲವು ವರ್ಷ ವಿಯೆಟ್ನಾಮಿನಲ್ಲಿ ಕಾರ್ಖಾನೆ ಕಟ್ಟುವ ಕೆಲಸದಲ್ಲಿದ್ದಾಗ ಕಾಕುವೂ ಜೊತೆಗಿದ್ದರು. ಅಲ್ಲಿ ಅವರ ಮನೆಯ ಕೆಳಗೆ ಕಾಫಿ ಅಂಗಡಿ, ಅದರೊಳಗೆ ಬಿಲಿಯರ್ಡ್ಸ್ ಮೇಜು. ಭಾಷೆ ಬಾರದ ಊರಲ್ಲಿ ಹೊತ್ತು ಹೋಗದೆ ನೋಡುತ್ತ ನಿಂತ ಕಾಕುಗೆ ಅಂಗಡಿಯ ಅಜ್ಜಿ ಬೆರಳು ತೋರಿಸಿಯೇ ಆಟ ಕಲಿಸಿದಳಂತೆ. ಊರಿಗೆ ಮರಳಿದ ಮೇಲೆ ಘಟಪ್ರಭಾದಲ್ಲಿ ಮುಚ್ಚಿಹೋದ ಸ್ನೂಕರ್ ಅಂಗಡಿಯ ಮೇಜನ್ನು ಮನೆಗೆ ತಂದು, ಬಡಿಗರಿಂದ ಅದರ ತೂತುಗಳನ್ನೆಲ್ಲ ಮುಚ್ಚಿಸಿದರು.

ಈ ಆಟದಲ್ಲಿ ತೂತಿಗೆ ಕೆಲಸವಿಲ್ಲ. ಇರುವುದು ಮೂರೇ ಚೆಂಡು. ನಮ್ಮ ಚೆಂಡು ಉಳಿದೆರಡಕ್ಕೂ ತಾಗಬೇಕು. ಆದರೆ ಎರಡನೆಯದನ್ನು ಮುಟ್ಟುವ ಮೊದಲು ಮೇಜಿನ ಅಂಚಿಗೆ ಮೂರು ಸಲವಾದರೂ ಬಡಿದಿರಬೇಕು. ಆಗ ಒಂದು ಪಾಯಿಂಟ್. ಕೇಳಲು ಸುಲಭ, ಕೈಗೆ ಸಿಗದು.

ಮೂಡಲಗಿಯಿಂದ ಸೊಸೆಯಾಗಿ ಬಂದ ನಾನು ಶಿಕ್ಷಕರ ಪರೀಕ್ಷೆಯಲ್ಲಿ ಮತ್ತೆ ಫೇಲಾಗಿ, ಯಾರಿಗೂ ಮುಖ ತೋರಿಸದೆ ಒಳಗೇ ಇರುತ್ತಿದ್ದೆ. ಕಾಕು ಬಂದು, ಕೇಳದೆಯೇ ಕೈಹಿಡಿದು ಕರೆದೊಯ್ದರು. ವಾರಗಟ್ಟಲೆ ಒಂದು ಪಾಯಿಂಟೂ ಆಗಲಿಲ್ಲ. ನಾನು ಮುಖ ಸಪ್ಪಗೆ ಮಾಡಿದರೆ ಅವರು ಹೇಳುತ್ತಿದ್ದುದು ಇಷ್ಟೇ:

"ತಪ್ಪಿದ್ದಕ್ಕ ಅಳಬ್ಯಾಡವಾ. ಚೆಂಡ ಯಾವ ಕಡೆ ಹ್ವಾದ್ವು, ಅದನ್ನ ನೋಡು."

ಒಂದು ಸಂಜೆ ಅತ್ತೆ ನನ್ನನ್ನು ಹುಡುಕಿಕೊಂಡು ಬಂದರು. ಹೆಣ್ಣುಮಕ್ಕಳಿಗೆ ಇದೆಂಥ ಆಟ ಎಂದು ಗೊಣಗುತ್ತ ಬಾಗಿಲಲ್ಲಿ ನಿಂತರು. ನಾನು ಆಗಲೇ ಹೊಡೆದುಬಿಟ್ಟಿದ್ದೆ. ಬಿಳಿ ಚೆಂಡು ಹಳದಿಯನ್ನು ಸವರಿ, ಒಂದು ಅಂಚು, ಇನ್ನೊಂದು ಅಂಚು, ಮತ್ತೊಂದು ಅಂಚಿಗೆ ಬಡಿದು, ಇನ್ನೇನು ನಿಂತೇಬಿಟ್ಟಿತು ಅನ್ನುವಾಗ ಕೆಂಪನ್ನು ಮೆಲ್ಲಗೆ ಮುಟ್ಟಿತು. ಕಾಕು ನನ್ನನ್ನು ತಬ್ಬಿಕೊಂಡರು. ಅತ್ತೆ ಚಪ್ಪಲಿ ಬಿಟ್ಟು ಒಳಗೆ ಬಂದರು.

"ಇನ್ನೊಮ್ಮಿ ಹೊಡಿ, ನೋಡೂಣು" ಎಂದರು.

ಆ ರಾತ್ರಿ ನಮ್ಮ ಮನೆಯಲ್ಲಿ ಊಟ ತಡವಾಯಿತು. ಮರುದಿನದಿಂದ ನಾನು ಮತ್ತೆ ಪುಸ್ತಕ ಹಿಡಿದೆ.

ಮುಂದಿನ ವರ್ಷ ಕಾಕುಗೆ ಪಾರ್ಶ್ವವಾಯು ಬಡಿದು ಬಲಗೈ ಬಿದ್ದುಹೋಯಿತು. ಹಾಸಿಗೆ ಬಿಟ್ಟು ಏಳುವಂತಾದ ಕೂಡಲೇ ಅವರು ಕೋಲನ್ನು ಎಡಗೈಗೆ ಕೊಡಿಸಿಕೊಂಡರು. ಬಲಗೈಯನ್ನು ನಾನೇ ಎತ್ತಿ ಮೇಜಿನ ಮೇಲಿಡುತ್ತಿದ್ದೆ. ಸತ್ತಂತಿದ್ದ ಆ ಬೆರಳುಗಳ ನಡುವೆ ಕೋಲು ಜಾರುತ್ತಿತ್ತು. ದಣಿಯುತ್ತೀ, ಸಾಕು ಮಾಡು ಎಂದು ಕಾಕಾ ಬೇಡಿಕೊಂಡರು. ಕಾಕು ಕೇಳಲಿಲ್ಲ. ಕೋಲು ಚೆಂಡನ್ನು ಬಿಟ್ಟು ಗಾಳಿಗೆ ಹೋದಾಗಲೆಲ್ಲ ಸಣ್ಣ ಹುಡುಗಿಯಂತೆ ನಗುತ್ತಿದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಚೆಂಡು ಹಳದಿಯನ್ನು ಸವರಿ, ಮೂರು ಅಂಚು ಸುತ್ತಿ ಬಂದು ಕೆಂಪಿಗೆ ತಾಗಿತು. ಅವರು ಕುರ್ಚಿಯಲ್ಲಿ ಕುಳಿತು, ಕಣ್ಣೊರೆಸಿಕೊಂಡು, ನನ್ನತ್ತ ತಿರುಗಿದರು.

"ಮೊದಲನೇ ಪಾಯಿಂಟಿನ ಸುಖ ಎಲ್ಲಾರಿಗೂ ಒಮ್ಮೆ ಸಿಗತೈತಿ. ನನಗ ನೋಡವಾ, ಎರಡ ಸಲ ಸಿಕ್ಕತು."

ನಾನು ಪರೀಕ್ಷೆ ಪಾಸಾಗಿ ಕಲ್ಲೋಳಿಯ ಶಾಲೆಗೆ ಸೇರಿದ್ದನ್ನು ಅವರು ನೋಡಿದರು. ಕಳೆದ ಚಳಿಗಾಲದಲ್ಲಿ, ಮಧ್ಯಾಹ್ನ ಮಲಗಿದವರು ಏಳಲಿಲ್ಲ.

ಉತ್ತರಕ್ರಿಯೆಗಳೆಲ್ಲ ಮುಗಿದ ಮೇಲೆ ಕಾಕಾ ಬಂದು, ಮೇಜಿನ ಮೇಲೆ ಧೂಳು ಕೂತಿದೆ, ತನಗೂ ಕಲಿಸುತ್ತೀಯಾ ಎಂದು ಕೇಳಿದರು. ಈಗ ಭಾನುವಾರ ಬೆಳಗ್ಗೆ ಹೋಗುತ್ತೇನೆ. ಕಾಕಾ ಎಷ್ಟು ಹೇಳಿದರೂ ಕೋಲನ್ನು ಬಿಗಿಯಾಗಿ ಹಿಡಿಯುತ್ತಾರೆ. ಬೆರಳು ಒಂದೊಂದಾಗಿ ಸಡಿಲಿಸಿ, ಇನ್ನೊಮ್ಮೆ ಹೊಡೀರಿ ಕಾಕಾ ಅನ್ನುತ್ತೇನೆ.