ಟಗರು ಮೈ ಒದರಿದ ಗಳಿಗೆ

ಹರಕೆ, ದೇವರ ಅಪ್ಪಣೆ ಇವನ್ನೆಲ್ಲ ನಾನು ನಂಬಿದವನಲ್ಲ. ತಮಿಳುನಾಡಿನ ಓಮಲೂರಿನ ಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುವವನು. ನಂಬಿದರೆ ಮಕ್ಕಳೇ ನಕ್ಕಾರು. ಆದರೂ ಕೆಲವು ವರ್ಷಗಳ ಹಿಂದೆ, ಹರೂರಿನ ಹತ್ತಿರದ ನಮ್ಮೂರಿನಲ್ಲಿ, ಹಾಡಹಗಲೇ ಕಂಡದ್ದನ್ನು ಹೇಳದೆ ಇರಲಾರೆ.

ನಮ್ಮಣ್ಣ ಕುರಿ ಸಾಕುವವನು. ಅಷ್ಟು ಸಮಾಧಾನದ ಮನುಷ್ಯ ನಮ್ಮ ಮನೆತನದಲ್ಲೇ ಇರಲಿಲ್ಲ. ಒಮ್ಮೆ ಮೊಪೆಡ್ಡಿನಿಂದ ಬಿದ್ದು ಹಣೆಗೆ ಬಲವಾದ ಪೆಟ್ಟು ಬಿತ್ತು. ಗಾಯ ಮಾಯಿತು, ಮನುಷ್ಯ ಬದಲಾದ. ಬಾಯಿ ತೆರೆದರೆ ಬೈಗುಳ, ಸಾವಿನ ಮನೆಯಲ್ಲಿ ನಗು, ಬಡಿಸುವಷ್ಟು ಹೊತ್ತೂ ತಡೆಯದೆ ಪಾತ್ರೆಗೇ ಕೈ. ಸೇಲಂನ ಡಾಕ್ಟರು ಸ್ಕ್ಯಾನ್ ತೋರಿಸಿ, ಮೆದುಳಿನ ಮುಂಭಾಗ ನಮ್ಮನ್ನು ತಡೆದು ನಿಲ್ಲಿಸುವ ಬ್ರೇಕು, ಅದು ಕೆಟ್ಟಿದೆ, ಮೊದಲಿನಂತಾಗುವುದು ಕಷ್ಟ ಎಂದರು. ನನಗೆ ಅರ್ಥವಾಯಿತು. ಅತ್ತಿಗೆಗೆ ಅದು ಸಾಕಾಗಲಿಲ್ಲ.

"ಬ್ರೇಕು ಗೀಕು ಬುಡಪ್ಪಾ. ನಿಮ್ಮಣ್ಣ ಒಳ್ಗವ್ರಾ, ಇಲ್ವಾ? ಅದೊಂದು ಯೋಳು."

ಮನೆದೇವರಿಗೆ ಒಂದು ಟಗರು ಹರಸಿಕೊಂಡಳು. ದೇವರು ಅದನ್ನು ಒಪ್ಪದಿದ್ದರೆ ಮಗಳನ್ನು ಕರೆದುಕೊಂಡು ತವರಿಗೆ ಹೋಗುವುದೆಂದು ಬಟ್ಟೆ ಗಂಟು ಕಟ್ಟಿಟ್ಟಳು.

ನಮ್ಮಲ್ಲಿ ಹರಕೆಯ ಟಗರಿನ ಮೇಲೆ ಅರಿಶಿನದ ನೀರು ಚಿಮುಕಿಸಿ ಕಾಯುತ್ತಾರೆ. ಅದು ತಾನಾಗಿ ಮೈ ಒದರಿದರೆ ದೇವರು ಒಪ್ಪಿದ ಹಾಗೆ, ಆಮೇಲೇ ಕತ್ತಿ. ಅಲ್ಲಿಯವರೆಗೆ ಯಾರೂ ಮುಟ್ಟಬಾರದು.

ಹರಕೆಯ ದಿನ ಗುಡಿಯ ಮುಂದೆ ಕಟ್ಟಿದ್ದ ಟಗರು ಒದರಲೇ ಇಲ್ಲ. ಮೂರು ಸಲ ನೀರು ಬಿತ್ತು, ಬಿಸಿಲೇರಿತು. ಅತ್ತಿಗೆಯ ಮುಖ ನೋಡಲಾಗಲಿಲ್ಲ. ಏನನ್ನೂ ನಂಬದ ನಾನೇ ತಾಳ್ಮೆಗೆಟ್ಟು, ಚೊಂಬು ಹಿಡಿದು ಅದರ ಕಿವಿಗೆ ನೀರು ಸುರಿಯಲು ಹೋದೆ. ಕಿವಿಗೆ ನೀರು ಹೊಕ್ಕರೆ ಯಾವ ಕುರಿಯಾದರೂ ಒದರುತ್ತದೆ.

ಯಾರೋ ನನ್ನ ಮುಂಗೈ ಹಿಡಿದರು. ಅಣ್ಣ.

"ಬ್ಯಾಡ ಕಣ್ಲಾ. ಪಾವಂ, ಅದುಕ್ಕೇ ಮನ್ಸು ಬರ್ಲಿ."

ಅದೇ ಹಳೆಯ ಮೆತ್ತನೆಯ ದನಿ. ಆಗಲೇ ನನಗೆ ಹೊಳೆದದ್ದು: ಬೆಳಗಿನಿಂದ ಅವನು ಟಗರಿನ ಮುಂದೆ ಕುಕ್ಕರಗಾಲಲ್ಲಿ ಕೂತೇ ಇದ್ದ. ಒಂದು ಬೈಗುಳವಿಲ್ಲ, ಅನ್ನ ಕೇಳಿರಲಿಲ್ಲ. ನನಗೆ ಸಂತೋಷಕ್ಕಿಂತ ಹೆದರಿಕೆಯೇ ಹೆಚ್ಚಾಯಿತು.

ಇನ್ನೂ ಸ್ವಲ್ಪ ಹೊತ್ತು ಕೂತಿದ್ದು, ಅವನೇ ಎದ್ದು ಹಗ್ಗ ಬಿಚ್ಚಿದ. ಬಿಚ್ಚಿದ್ದೇ ತಡ, ಟಗರು ತಲೆಯಿಂದ ಬಾಲದವರೆಗೆ ಮೈ ಒದರಿತು.

"ಅಗ್ಗ ಬಿಚ್ಚುದ್ ಮ್ಯಾಲೆ ಒದ್ರುದ್ರೆ ಲೆಕ್ಕಕ್ಕಿಲ್ಲ" ಎಂದ ಪೂಜಾರಿ. ಅಣ್ಣ ಅವನಿಗೆ ಬಾಯಿಗೆ ಬಂದಂತೆ ಬೈದು, ಹೋಗಿ ಪೊಂಗಲ್ ಪಾತ್ರೆಗೆ ಕೈ ಹಾಕಿದ. ಅಲ್ಲಿಗೆ ಮುಗಿಯಿತು.

ದೇವರು ಒಪ್ಪಿದ್ದು ಬಲಿಯನ್ನೋ, ಬಿಟ್ಟದ್ದನ್ನೋ, ಊರಿನವರು ಈಗಲೂ ವಾದಿಸುತ್ತಾರೆ. ಟಗರು ಇನ್ನೂ ಮಂದೆಯಲ್ಲಿದೆ, ಅಣ್ಣ ಹಾಗೆಯೇ ಇದ್ದಾನೆ. ಕೆಟ್ಟ ಬ್ರೇಕು ಅಷ್ಟು ಹೊತ್ತು ಹೇಗೆ ಹಿಡಿಯಿತು, ನೆಟ್ಟಗಿದ್ದ ನನ್ನದು ಹೇಗೆ ತಪ್ಪಿತು? ಡಾಕ್ಟರನ್ನು ಕೇಳಿದೆ. ಅವರು ಸ್ಕ್ಯಾನನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದು ನೋಡಿದರು.

ಅತ್ತಿಗೆ ಮಾತ್ರ ಅಂದು ಸಂಜೆಯೇ ಗಂಟು ಬಿಚ್ಚಿ ಬಟ್ಟೆ ಎತ್ತಿಟ್ಟಳು. "ಒಳ್ಗೇ ಅವ್ರೆ. ನಾನ್ ನೋಡ್ದೆ" ಎಂದಳು.

ನಾನೂ ನೋಡಿದೆ. ಏನನ್ನು ನೋಡಿದೆನೆಂದು ಮಾತ್ರ ಇಂದಿಗೂ ಗೊತ್ತಾಗಿಲ್ಲ.