ವಾಂತಿ ಗಾಡಿ

ಇಳಕಲ್ಲಿನ ಟ್ಯಾಕ್ಸಿ ಅಮಾತೆಪ್ಪನಿಗೆ ಹೇಸಿಗೆ ಬಾರದ ವಸ್ತು ಈ ಭೂಮಿಯ ಮೇಲೆ ಏನಾದರೂ ಇತ್ತೇ ಎಂದು ಕೇಳಿದರೆ, ಅವನ ಹೆಂಡತಿ ಸಿದ್ದಲಿಂಗವ್ವ ರೊಟ್ಟಿ ಬಡಿಯುವ ಕೈ ನಿಲ್ಲಿಸಿ, ಒಂದಿಷ್ಟು ವಿಚಾರ ಮಾಡಿ, "ಇಲ್ಲ ಬಿಡ್ರಿ" ಎನ್ನುತ್ತಿದ್ದಳು. ಹೋಟೆಲಿನ ಕಪ್ಪುಬಸಿ ಕಂಡರೆ ಹೇಸಿಗೆ. ಬಸ್ಸಿನ ಸೀಟಿಗೆ ಅಂಟಿದ ತಲೆ ಎಣ್ಣೆ ಕಂಡರೆ ಹೇಸಿಗೆ. ಬಾಯಿ ತುಂಬ ಎಲೆಅಡಿಕೆ ರಸ ಇಟ್ಟುಕೊಂಡು ಮಾತಾಡುವವರನ್ನು ಕಂಡರಂತೂ ಹೊಟ್ಟೆಯೊಳಗಿನದು ಗಂಟಲಿಗೆ ಬರುತ್ತಿತ್ತು. ಬಿಳಿ ಧೋತರ, ಬಿಳಿ ಅಂಗಿ, ಬಿಳಿ ಟೊಪ್ಪಿಗೆ, ಹಣೆಯ ತುಂಬ ವಿಭೂತಿ. ಆ ವೇಷದಲ್ಲಿ ಡ್ರೈವರಿಕೆ ಮಾಡಿದ ಮನುಷ್ಯ ಇಡೀ ಹುನಗುಂದ ತಾಲೂಕಿನಲ್ಲಿ ಅವನೊಬ್ಬನೇ ಇರಬೇಕು.

ಇನ್ನು ನೀರು. ಸೋಸದ ನೀರು ಅವನ ಗಂಟಲಿಗೆ ಇಳಿದದ್ದೇ ಇಲ್ಲ. ಅಪ್ಪ, ಅಜ್ಜ ಎಲ್ಲರೂ ಮಡಿಕೆ ಹಾಕಿದ ಅರಿವೆಯಲ್ಲಿ ಸೋಸಿ ಕುಡಿದವರೇ. ಆ ಮನೆತನದಲ್ಲಿ ಅದು ಲಿಂಗಪೂಜೆಯಷ್ಟೇ ಗಟ್ಟಿ ಪದ್ಧತಿ. ಆದರೆ ಅವರು ತಮ್ಮ ಮನೆಯ ಕೊಡಕ್ಕೆ ಅರಿವೆ ಕಟ್ಟಿ ಸುಮ್ಮನಾಗುತ್ತಿದ್ದರು. ಇವನು ಅರಿವೆಯನ್ನು ಕಿಸೆಯಲ್ಲೇ ಇಟ್ಟುಕೊಂಡು ತಿರುಗಿದ. ಮಗಳು ಚಂದವ್ವನನ್ನು ಬಾದಾಮಿಗೆ ಕೊಟ್ಟ ಹೊಸದರಲ್ಲಿ, ಬೀಗತಿ ಗುರುಲಿಂಗವ್ವ ತಾನೇ ತಂದುಕೊಟ್ಟ ತಂಬಿಗೆ ನೀರನ್ನು, ಅವಳ ಕಣ್ಣೆದುರಿಗೇ, ಕಿಸೆಯ ಅರಿವೆ ತೆಗೆದು ಸೋಸಿ ಕುಡಿದುಬಿಟ್ಟ. ಗುರುಲಿಂಗವ್ವ ಏನೂ ಅನ್ನಲಿಲ್ಲ. ಅಂಥ ಹೆಂಗಸು ಏನೂ ಅನ್ನಲಿಲ್ಲವೆಂದರೆ ಮರೆಯುವುದಿಲ್ಲ ಎಂದೇ ಅರ್ಥ.

ಇಂಥ ಮನುಷ್ಯನ ಗಾಡಿಗೆ ಊರವರು ಇಟ್ಟ ಹೆಸರು ವಾಂತಿ ಗಾಡಿ. ಥೂ!

ಮೊದಮೊದಲು ಹಾಗಿರಲಿಲ್ಲ. ಕೂಡಲಸಂಗಮಕ್ಕೆ ಹೋಗುವವರು, ಸೀರೆ ಗಂಟು ಹೊತ್ತು ಬಾಗಲಕೋಟೆಗೆ ಹೋಗುವ ವ್ಯಾಪಾರಿಗಳು, ಅಮಾತೆಪ್ಪನ ಅಂಬಾಸಿಡರ್ ಎಂದರೆ ಕಾದು ಕೂತು ಹತ್ತುತ್ತಿದ್ದರು. ಸೀಟಿಗೆ ಒಗೆದ ಬಿಳಿ ಹೊದಿಕೆ, ಕನ್ನಡಿಗೆ ಊದುಬತ್ತಿ. ಎಂಬತ್ತರ ಸುಮಾರಿಗೆ ಊರ ಸುತ್ತ ಕೆಂಪು ಕಲ್ಲಿನ ಕ್ವಾರಿಗಳು ಜೋರಾದವು. ಕ್ವಾರಿಯ ಸಾಹುಕಾರರನ್ನು ಕೂಡಿಸಿಕೊಂಡು ದಿನಾ ಆ ದೂಳಿನಲ್ಲಿ ಓಡಾಡಬೇಕಾಯಿತು. ಹಾಳು ದೂಳು, ಹಲ್ಲಿನ ಸಂದಿಗೂ ಬರುತ್ತಿತ್ತು. ಅಮಾತೆಪ್ಪ ಅದಕ್ಕೊಂದು ಉಪಾಯ ಮಾಡಿದ. ಯಾರಿಗೂ ಹೇಳಲಿಲ್ಲ, ತನ್ನ ಜಾಣತನಕ್ಕೆ ತಾನೇ ಖುಷಿಪಟ್ಟ. ಅಲ್ಲಿಂದ ಒಂದೆರಡು ವರ್ಷದೊಳಗೆ ಗಾಡಿ ಕರ್ರಗೆ ಹೊಗೆ ಕಾರತೊಡಗಿತು. ಅಷ್ಟೊತ್ತಿಗೆ ಸೈಲೆನ್ಸರ್ ಪೈಪಿನ ಜೋಡಣೆಯೂ ಬಿಟ್ಟಿತ್ತು, ಹಿಂದಿನ ಸೀಟಿನ ಕೆಳಗೆ ತಗಡು ತುಕ್ಕು ಹಿಡಿದು ತೂತಾಗಿತ್ತು. ಹೊಗೆಯೆಲ್ಲ ಒಳಗೇ. ಹತ್ತಿದವರು ಅಮೀನಗಡ ದಾಟುವಷ್ಟರಲ್ಲಿ ಕಿಟಕಿಗೆ ತಲೆ ಹಾಕಿ ಓಕರಿಸುತ್ತಿದ್ದರು. ಇಳಿಸಿ ಬಂದ ಮೇಲೆ ಬಾಗಿಲಿನ ಹೊರಮೈ ತೊಳೆಯುವವನು ಯಾರು? ಅಮಾತೆಪ್ಪನೇ. ಮೂಗಿಗೆ ಅರಿವೆ ಕಟ್ಟಿಕೊಂಡು, ಮುಖ ಆ ಕಡೆ ತಿರುಗಿಸಿ, ದೂರದಿಂದ ನೀರು ಎರಚುತ್ತಿದ್ದ.

ದೀಪಾವಳಿ ಮುಗಿಸಿಕೊಂಡು ಮಗಳನ್ನು ಗಂಡನ ಮನೆಗೆ ಬಿಡಲು ಹೋದಾಗ ಆಗಬಾರದ್ದು ಆಯಿತು. ಚಂದವ್ವನಿಗೆ ಆಗ ಬಸಿರಿನ ಮೊದಲ ತಿಂಗಳುಗಳು. ಗುಳೇದಗುಡ್ಡದಿಂದಲೇ ಮುಖ ಬಿಳಿಚಿಕೊಂಡು ಕೂತಿದ್ದವಳು, ಅತ್ತೆಮನೆಯ ಕಟ್ಟೆಯ ಮುಂದೆ ಬಾಗಿಲು ತೆಗೆದದ್ದೇ ತಡ, ಅಲ್ಲೇ ಕಾರಿಕೊಂಡಳು. ಗುರುಲಿಂಗವ್ವ ಸೊಸೆಯ ತಲೆ ಹಿಡಿದುಕೊಂಡೇ ಮೇಲೆ ನೋಡಿದಳು.

"ನಮ್ಮ ಮನಿ ನೀರು ಸೋಸಿ ಕುಡದ್ರಿ ಬೀಗರ. ನಿಮ್ಮ ಗಾಡಿ ಹೊಗಿ ನಾವು ಯಾವ ಅರಿವ್ಯಾಗ ಸೋಸೂಣ್ರಿ?"

ಅಮಾತೆಪ್ಪ ಕಿಸೆಯ ಅರಿವೆಯನ್ನು ಇನ್ನಷ್ಟು ಒಳಗೆ ತುರುಕಿಕೊಂಡ. ಗುರುಲಿಂಗವ್ವ ಅಷ್ಟಕ್ಕೇ ಬಿಡಲಿಲ್ಲ.

"ಏಳನೇ ತಿಂಗಳದಾಗ ಕುಬಸಾ ಮಾಡಾಕ ಬರ್ರಿ, ಬ್ಯಾಡನ್ನಂಗಿಲ್ಲ. ಆದ್ರ ಈ ಹೊಗಿಯೊಳಗ ನಮ್ಮ ಸೊಸಿನ ಕಳಸಂಗಿಲ್ಲ. ಬಾಣಂತನ ಇಲ್ಲೇ ಮಾಡತೇವಿ."

ಚೊಚ್ಚಲ ಬಾಣಂತನ ತವರಿನಲ್ಲಿ ಆಗಲಿಲ್ಲವೆಂದರೆ ಉಳಿದದ್ದಾದರೂ ಏನು? ಸಿದ್ದಲಿಂಗವ್ವ ಸುದ್ದಿ ಕೇಳಿದವಳೇ ಒಲೆಯ ಮುಂದೆ ಕೂತುಬಿಟ್ಟಳು. ಬೇರೆ ಗಾಡಿ ಬಾಡಿಗೆಗೆ ತರಬಹುದಿತ್ತು. ಟ್ಯಾಕ್ಸಿಯವನ ಮಗಳು ಕಂಡವರ ಟ್ಯಾಕ್ಸಿಯಲ್ಲಿ ತವರಿಗೆ ಬಂದಳು ಅನ್ನಿಸಿಕೊಳ್ಳುವುದಕ್ಕಿಂತ ಅಮಾತೆಪ್ಪ ಸ್ಟೇರಿಂಗು ಕಿತ್ತು ಹೊಳೆಗೆ ಒಗೆಯುತ್ತಿದ್ದ.

ಮೆಕ್ಯಾನಿಕ್ ಹುಲ್ಲಪ್ಪನ ಶೆಡ್ಡಿಗೆ ಹೋದ. ಆ ಶೆಡ್ಡೋ, ನರಕ. ನೆಲವೆಲ್ಲ ಆಯಿಲ್ಲು, ಮೂಲೆಯಲ್ಲಿ ಉಗುಳಿದ್ದು, ಕೈ ಒರೆಸುವ ಚಿಂದಿಯಲ್ಲೇ ಮುಖ ಒರೆಸಿಕೊಳ್ಳುವ ಹುಲ್ಲಪ್ಪ. ಅವನು ಕಾರ್ಬೊರೇಟರ್ ತೊಳೆದ, ಪ್ಲಗ್ ಬದಲಿಸಿದ. ಎಂಟು ದಿನದೊಳಗೆ ಪ್ಲಗ್ಗುಗಳೆಲ್ಲ ಮತ್ತೆ ಮಸಿ.

"ಪೆಟ್ರೋಲದಾಗ ಚಿಮಣಿ ಎಣ್ಣಿ ಬೆರಸ್ಯಾರ್ರಿ ಅಣ್ಣಾರ," ಎಂದ ಹುಲ್ಲಪ್ಪ. ಇಂಜಿನ್ನಿನ ಮೇಲೆ ಕೂತ ಆ ದುಂಡನೆ ಏರ್ ಕ್ಲೀನರ್ ಡಬ್ಬಿಗೆ ಕೈ ಹಾಕಲು ಹೋದ. "ಇದರಾಗೇನೈತಿ ನೋಡೂಣು."

"ಏ, ಮುಟ್ಟಬ್ಯಾಡಲೇ!" ಅಮಾತೆಪ್ಪ ಹಾವು ಕಂಡವನಂತೆ ಚೀರಿದ. "ಗಾಡಿಗೆ ಅದು ಬಾಯಿದ್ದಂಗ. ಆ ಹೊಲಸು ಕೈ ತುಗೊಂಡು ಬಾಯಿಗೆ ಹಾಕ್ತಿ ಏನ?"

ಹಿಂದೆಯೂ ಹಾಗೆಯೇ. ಕಾರ್ಬೊರೇಟರ್ ತೊಳೆಯುವಾಗ ಡಬ್ಬಿಯನ್ನು ಬಿಚ್ಚಿ ಬದಿಗಿಡುವವನು ಇವನೇ, ದೂಳು ಹೊಕ್ಕೀತೆಂದು ಗಡಬಡಿಸಿ ಕೂಡಿಸುವವನೂ ಇವನೇ. ಒಳಗೇನಿದೆ ಎಂದು ಹುಲ್ಲಪ್ಪ ಒಮ್ಮೆಯೂ ನೋಡಿದವನಲ್ಲ. ಅವತ್ತು ಅವನಿಗೂ ಸಿಟ್ಟು ಬಂತು. "ಹಂಗಿದ್ರ ನೀವ ಮಾಡ್ಕೋರಿ, ಶುದ್ಧ ಕೈಲೆ," ಎಂದು ಪಾನಾ ಎತ್ತಿ ಪೆಟ್ಟಿಗೆಗೆ ಒಗೆದ.

ಹಾಗೆ ಗಾಡಿ ಮನೆಗೆ ಬಂತು. ಬೇವಿನ ಗಿಡದ ನೆರಳಲ್ಲಿ ಬಾನೆಟ್ ಎತ್ತಿ ನಿಂತ ಅಮಾತೆಪ್ಪನ ಮುಖ ನೋಡಬೇಕಿತ್ತು, ಬೇರೆಯವರ ಎಂಜಲೆಲೆ ಎತ್ತಲು ನಿಂತವನ ಹಾಗೆ. ಹಳೆಯ ಧೋತರ ಉಟ್ಟು, ಮೂಗಿಗೆ ಅರಿವೆ ಕಟ್ಟಿ ಪ್ಲಗ್ ಬಿಚ್ಚಿದ. ಪ್ಲಗ್ಗಿನ ಮೂತಿ ಹದವಾಗಿ ಬೆಂದ ರೊಟ್ಟಿಯ ಬಣ್ಣಕ್ಕಿದ್ದರೆ ಇಂಜಿನ್ ಆರೋಗ್ಯ ಎಂಬುದು ಅವನಿಗೂ ಗೊತ್ತು. ಇವು ಕಂದೀಲಿನ ಗಾಜಿನ ಹಾಗೆ ಮಸಿ ಹಿಡಿದಿದ್ದವು. ಬೆರಳಿಗೆ ಹತ್ತಿದ ಮಸಿ ಉಗುರಿನ ಸಂದಿಗೆ ಹೋಯಿತು. ಇಶ್ಶೀ! ಪೆಟ್ರೋಲನ್ನು ಸೀಸೆಗೆ ತೆಗೆದು, ಮೂಗಿನ ಅರಿವೆ ಬಿಚ್ಚಿ ಮೂಸಿ ನೋಡಿದ. ಹುಲ್ಲಪ್ಪ ಹೇಳಿದ ಸೀಮೆಎಣ್ಣೆಯ ನಾತವಿಲ್ಲ. ಪ್ಲಗ್ಗುಗಳನ್ನು ಹಾಗೆಯೇ ಕೂಡಿಸಿ, ಗಾಡಿ ಸ್ಟಾರ್ಟ್ ಮಾಡಿ, ಹಿಂದೆ ಕುಕ್ಕರುಗಾಲಲ್ಲಿ ಕೂತು ಸೈಲೆನ್ಸರಿನ ಬಾಯಿಗೆ ಬಿಳಿ ಅರಿವೆ ಹಿಡಿದ. ಅದು ನೋಡನೋಡುತ್ತಿದ್ದಂತೆ ಕಪ್ಪಾಯಿತು, ಒದ್ದೆಯಾಯಿತು, ಸುಡದ ಪೆಟ್ರೋಲಿನ ವಾಸನೆ ನೆತ್ತಿಗೇರಿತು. ಎದ್ದು ಹೋಗಿ ಗಿಡದ ಬುಡದಲ್ಲಿ ಕಾರಿಕೊಂಡ. ವಾಂತಿ ಗಾಡಿಯ ಯಜಮಾನನಿಗೂ ಆ ಭಾಗ್ಯ ಬಂತು.

ಸಿದ್ದಲಿಂಗವ್ವ ನೀರು ತಂದುಕೊಟ್ಟಳು. ಸೋಸಿದ ನೀರೇ.

"ಒಂದು ಮಾತು ಹೇಳತೇನಿ, ಸಿಟ್ಟಿಗೇಳಬ್ಯಾಡ್ರಿ," ಎಂದಳು. "ಒಲಿ ಬಾಯಿ ತುಂಬ ಕಟಗಿ ತುರುಕಿದ್ರ ಹಿಂಗ ಹೊಗಿ ಏಳತೈತಿ. ಗಾಳಿ ಆಡಬೇಕ್ರಿ. ನಿಮ್ಮ ಗಾಡೀಗೆ ಉಸಿರು ಕಟ್ಟೇತೇನೋ."

"ನಿನ್ನ ಒಲಿನೂ ನನ್ನ ಇಂಜನ್ನೂ ಒಂದ ಏನ, ಹುಚ್ಚಿ?" ಎಂದ ಅಮಾತೆಪ್ಪ. ಎಂದವನು ಅಷ್ಟಕ್ಕೇ ನಿಂತ. ಅವನ ಕಣ್ಣು ಏರ್ ಕ್ಲೀನರ್ ಡಬ್ಬಿಯ ಮೇಲೆ ಹೋಗಿತ್ತು.

ಪ್ಲಗ್ಗುಗಳನ್ನು ಮತ್ತೆ ಬಿಚ್ಚಿ, ಉಜ್ಜಿ ಕೂಡಿಸಿದ. ಡಬ್ಬಿಯನ್ನು ಇಡಿಯಾಗಿ ಬಿಚ್ಚಿ ಕಟ್ಟೆಯ ಮೇಲಿಟ್ಟು ಗಾಡಿ ಸ್ಟಾರ್ಟ್ ಮಾಡಿದ. ಹೊಗೆ ತೆಳ್ಳಗಾಗುತ್ತ ಹೋಗಿ ನಿಂತೇಬಿಟ್ಟಿತು. ಡಬ್ಬಿ ಕೂಡಿಸಿದ, ಕರ್ರಗೆ ಹೊಗೆ. ತೆಗೆದ, ಇಲ್ಲ. ಅನುಮಾನಕ್ಕೆ ಇನ್ನೇನೂ ಉಳಿಯಲಿಲ್ಲ.

ಕಟ್ಟೆಯ ಮೇಲೆ ಕೂತು ಡಬ್ಬಿಯ ಮುಚ್ಚಳ ತೆಗೆದ. ಒಳಗಿತ್ತು ಅವನ ಉಪಾಯ. ಕ್ವಾರಿಯ ದೂಳು ಶುರುವಾದಾಗ, ಕುಡಿಯುವ ನೀರನ್ನೇ ಸೋಸುವ ಮನೆತನದ ಗಾಡಿ ಸೋಸದ ಗಾಳಿ ಕುಡಿಯುವುದೇ ಎಂದು, ಹೆಂಡತಿಯ ಹಳೆಯ ಸೀರೆ ಹರಿದು, ಮಡಿಕೆಯ ಮೇಲೆ ಮಡಿಕೆ ಹಾಕಿ, ಗಾಳಿಯ ದಾರಿಗೆ ಬಿಗಿಯಾಗಿ ಹೊಲಿದು ಕೂಡಿಸಿದ್ದ. ಅಮಾವಾಸ್ಯೆಗೊಮ್ಮೆ ಒಗೆದು ಹಾಕುವುದೆಂದು ನೇಮ ಬೇರೆ. ನಾಲ್ಕಾರು ಅಮಾವಾಸ್ಯೆ ಒಗೆದ. ಆಮೇಲೆ ಆ ಜಿಡ್ಡು ಮುಟ್ಟಲು ಹೇಸಿ ಬಿಟ್ಟುಬಿಟ್ಟ. ಈಗ ಅದು ಅರಿವೆಯಾಗಿ ಉಳಿದಿರಲಿಲ್ಲ. ದೂಳು, ಆಯಿಲ್ಲು, ಮಸಿ ಕೂಡಿ ಸತ್ತ ಹೆಗ್ಗಣದ ಚರ್ಮದ ಹಾಗಾಗಿತ್ತು. ಮಡಿಕೆಯಲ್ಲಿ ಜಿರಳೆಗಳು ಅಂಟಿ ಸತ್ತಿದ್ದವು, ಒಂದು ಹಲ್ಲಿಯ ಎಲುಬೂ ಇತ್ತು. ಅದನ್ನು ಬರಿಗೈಯಿಂದಲೇ ಕಿತ್ತು ತೆಗೆಯಬೇಕಾಯಿತು. ಲೊಚಕ್ಕೆಂದು ಬಂತು. ಊರೆಲ್ಲ ಹೊಲಸು, ತಾನೊಬ್ಬನೇ ಶುದ್ಧ ಎಂದು ತಿರುಗಿದವನ ಮನೆಯ ಹೊಲಸು ಅದು. ಅದನ್ನೇ ಉಸಿರಾಡಿ ಗಾಡಿ ಜನರನ್ನು ಕಾರಿಸಿತ್ತು, ತನ್ನ ಮಗಳನ್ನೂ. ಅಮಾತೆಪ್ಪನಿಗೆ ಜೀವಮಾನದಲ್ಲಿ ಬಂದ ಹೇಸಿಗೆಯನ್ನೆಲ್ಲ ಕೂಡಿಸಿದರೂ ಅವತ್ತಿನದಕ್ಕೆ ಸಮ ಆಗುತ್ತಿರಲಿಲ್ಲ.

"ಇದು ನನ್ನ ಸೀರಿ ಅಲ್ಲೇನ್ರಿ? ಎಷ್ಟು ಹುಡುಕೀನಿ ನಾ!" ಎಂದಳು ಸಿದ್ದಲಿಂಗವ್ವ.

"ಸುಮ್ಮನಿರು ಮಾರಾಯ್ತಿ."

ಮರುದಿನ ಹುಲ್ಲಪ್ಪನ ಶೆಡ್ಡಿಗೆ ತಾನೇ ಹೋಗಿ ಹೊಸ ಫಿಲ್ಟರ್, ಹೊಸ ಪ್ಲಗ್ಗು, ಪೈಪಿನ ಪ್ಯಾಕಿಂಗು ಕೇಳಿ ತಂದ. ಗಾಡಿಯ ಕೆಳಗೆ ಅಂಗಾತ ಮಲಗಿ ಪೈಪು ಬಿಗಿದ, ತೂತಿಗೆ ತಗಡು ಬಡಿದ. ಮಸಿ ಬಾಯಿಗೇ ಉದುರಿತು, ಉಗುಳಿದ, ಮತ್ತೆ ಉದುರಿತು. ಉಗುಳುವುದನ್ನೇ ಬಿಟ್ಟ.

ಕುಬಸದ, ಅಂದರೆ ಸೀಮಂತದ ದಿನ ಗುಳೇದಗುಡ್ಡದ ಖಣ, ಇಳಕಲ್ ಸೀರೆ, ಬುಟ್ಟಿಗಟ್ಟಲೆ ಉಂಡಿ ಹೇರಿಕೊಂಡು ಗಂಡ ಹೆಂಡತಿ ಬಾದಾಮಿಗೆ ಹೋದರು. ಕಾರ್ಯ ಚೆಂದ ಆಯಿತು. ಮಗಳನ್ನು ತವರಿಗೆ ಕರೆದುಕೊಂಡು ಹೊರಡುವ ಹೊತ್ತಿಗೆ ಗುರುಲಿಂಗವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಗಾಡಿಯ ಹಿಂದೆ ನಿಂತು ಮೂಸಿದಳು, ಒಳಗೆ ತಲೆ ಹಾಕಿ ಮೂಸಿದಳು.

"ಹುನಗುಂದದಾಗ ನಮ್ಮ ಅಕ್ಕನ ಮನಿ ಐತಿ. ಅಲ್ಲೀತನಕ ನಾನೂ ಕೂಡತೇನಿ. ದಾರ್ಯಾಗ ಹುಡುಗಿ ಹೊಟ್ಟಿ ತೊಳಸಿತಂದ್ರ ಅಲ್ಲಿಂದನ ಹೊಳ್ಳಿ ಕರಕೊಂಡು ಬರಾಕಿ. ಆಮ್ಯಾಲ ಮಾತು ಬರಬಾರದು ಬೀಗರ."

"ಆಗಲ್ರಿ," ಎಂದ ಅಮಾತೆಪ್ಪ.

ಗುಳೇದಗುಡ್ಡ ದಾಟಿತು, ಕಮತಗಿ ದಾಟಿತು. ಅವನ ಒಂದು ಕಣ್ಣು ರಸ್ತೆಯ ಮೇಲೆ, ಒಂದು ಕಣ್ಣು ಕನ್ನಡಿಯಲ್ಲಿ ಕಾಣುವ ಮಗಳ ಮುಖದ ಮೇಲೆ. ಅಮೀನಗಡ ಇನ್ನೇನು ಬಂತು ಅನ್ನುವಾಗ ಚಂದವ್ವ ಬಾಯಿಗೆ ಕೈ ಹಿಡಿದಳು.

"ಅಪ್ಪಾ, ನಿಲ್ಲಸು!"

ನಿಲ್ಲಿಸಿ ಓಡಿ ಬಂದು ಬಾಗಿಲು ತೆಗೆದ. ಅವಳಿಗೆ ಇಳಿಯಲಾಗಲಿಲ್ಲ. ಅಮಾತೆಪ್ಪ ಎರಡೂ ಕೈ ಬೊಗಸೆ ಮಾಡಿ ಮಗಳ ಗದ್ದದ ಕೆಳಗೆ ಹಿಡಿದ. ಬೆಚ್ಚಗೆ ಬೊಗಸೆ ತುಂಬಿ ಬಿಳಿ ಅಂಗಿಯ ತೋಳಿಗೆ ಇಳಿಯಿತು, ಧೋತರಕ್ಕೆ ಇಳಿಯಿತು. ಅವನು ಮುಖ ತಿರುಗಿಸಲಿಲ್ಲ. ಬೊಗಸೆ ಚೆಲ್ಲಿ, ಕಿಸೆಯಿಂದ ನೀರು ಸೋಸುವ ಅರಿವೆ ತೆಗೆದು ಅವಳ ಬಾಯಿ ಒರೆಸಿದ. ಆಮೇಲೆ, ಎಲ್ಲ ಮುಗಿಯಿತು ಎನ್ನುವ ಮುಖದಲ್ಲಿ ಬೀಗತಿಯ ಕಡೆ ನೋಡಿದ.

ಗುರುಲಿಂಗವ್ವ ಅವನ ಅಂಗಿಯನ್ನೇ ನೋಡುತ್ತಿದ್ದಳು. "ಗಾಡೀದಲ್ಲ ಬಿಡ್ರಿ," ಎಂದಳು. "ಹೊಗಿ ವಾಸನಿ ಒಂಚೂರೂ ಇಲ್ಲ. ಬ್ಯಾಡಂದ್ರೂ ಹೋಳಿಗಿ ಮ್ಯಾಲ ಹೋಳಿಗಿ ತುರುಕಿದಾಕಿ ನಾನ. ಬಾಣಂತನ ನೀವ ಮಾಡ್ರಿ."

ಪಕ್ಕದ ಹೊಲದ ಗುಡಿಸಲಿನಿಂದ ಅವಳೇ ಹೋಗಿ ಒಂದು ಚರಿಗೆ ನೀರು ತಂದಳು. ಸೊಸೆಗೆ ಬಾಯಿ ಮುಕ್ಕಳಿಸಲು ಕೊಟ್ಟು, ಅವನ ಕೈ ತೊಳೆಸಿ, ಉಳಿದದ್ದನ್ನು ಅಮಾತೆಪ್ಪನ ಮುಂದೆ ಹಿಡಿದಳು. "ಕುಡೀರಿ ಬೀಗರ, ಗಂಟಲಾ ಒಣಗೇತಿ ನಿಮಗ. ಸೋಸಾಕ ಅರಿವಿ?"

ಅರಿವೆ ಮಗಳ ಕೈಯಲ್ಲಿತ್ತು, ಹೇಗಿರಬೇಕೋ ಹಾಗಿತ್ತು. ಅಮಾತೆಪ್ಪ ಚರಿಗೆ ಇಸಿದುಕೊಂಡ. ನೀರಿನ ಮೇಲೆ ಒಂದು ಇರುವೆ ತೇಲುತ್ತಿತ್ತು. ಅದನ್ನು ಊದಿ ಆಚೆ ಸರಿಸಿ, ಚರಿಗೆ ಎತ್ತಿ ಗಟಗಟನೆ ಕುಡಿದ.