ರಾಕ್ಷಸನಿಗೆ ಒಡ್ಡೋಲಗ ಕೇಳಿದ ಅಕ್ಕ

ತಿಂಡಿಯ ಬಿಲ್ಲು ಹರಿದು ಕೊಡುವಾಗಲೂ ಅಕ್ಕನ ಎಡಗೈ ಹೆಬ್ಬೆರಳು ಪುಸ್ತಕದೊಳಗೇ ಇರುತ್ತಿತ್ತು. ಬಾಣಲೆ ಹಿಡಿದು ಹಿಡಿದು ಕಪ್ಪಾದ ಬೆರಳು, ಇಟ್ಟಿಗೆ ದಪ್ಪದ ಪುಸ್ತಕ. ವಡೋದರಾದ ಗೋರ್ವಾದಲ್ಲಿ ಗಂಡನ ಜೊತೆ ಉಡುಪಿ ಹೋಟೆಲು ನಡೆಸುತ್ತಿದ್ದ ಆಕೆಯನ್ನು ಕನ್ನಡದ ಗಿರಾಕಿಗಳೆಲ್ಲ ಅಕ್ಕ ಅಂತಲೇ ಕರೆಯುತ್ತಿದ್ದೆವು.

ಓದುತ್ತಿದ್ದದ್ದು ಏನು ಅಂದುಕೊಂಡಿರಿ? ಮಗ ಓದಿ ಎಸೆದ ಇಂಗ್ಲಿಷ್ ಕಾದಂಬರಿಗಳು. ಡ್ರ್ಯಾಗನ್ನು, ಮಾಟಗಾತಿ, ಉಗಿಯಂತ್ರದಿಂದ ಆಕಾಶದಲ್ಲಿ ಹಾರುವ ಹಡಗು! ಸ್ಟೀಮ್‌ಪಂಕ್ ಎಂಬ ಪದ ನಾನು ಮೊದಲು ಕೇಳಿದ್ದೇ ಆ ಗಲ್ಲಾಪೆಟ್ಟಿಗೆಯ ಹಿಂದಿನಿಂದ. ಯಕ್ಷಗಾನ ನೋಡಿ ಬೆಳೆದವಳು, ಎಲ್ಲವನ್ನೂ ಅದೇ ತಕ್ಕಡಿಯಲ್ಲಿ ತೂಗುತ್ತಿದ್ದಳು. "ರಾಕ್ಷಸನಿಗೆ ಸರಿಯಾದ ಒಡ್ಡೋಲಗ ಬೇಡ್ವಾ? ಚೆಂಡೆ ಬಡಿದು, ಅಬ್ಬರಿಸಿ ರಂಗಕ್ಕೆ ಬರ್ಬೇಕು ಅವ. ಇವ ಬಂದದ್ದು ಪಾರ್ಸೆಲ್ ತಕೊಂಡು ಹೋಗುವವನ ಹಾಗೆ!" ಎಂದು ಪುಸ್ತಕ ಮುಚ್ಚುವಳು. ಇನ್ನೊಂದು ದಿನ, "ಮಂತ್ರ ಹಾಕಿದವನಿಗೆ ಸುಸ್ತೇ ಆಗದಿದ್ರೆ ನನಗೆ ಎಂತಕ್ಕೆ ಭಯ ಆಗ್ಬೇಕು?" ನಾನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ. ದೋಸೆ ತಣ್ಣಗಾಗುತ್ತಿತ್ತು.

ನಾನೂ ಕದ್ದುಮುಚ್ಚಿ ಕನ್ನಡದಲ್ಲಿ ಅಂಥದ್ದೊಂದು ಬರೆಯುತ್ತಿದ್ದೆ: ಸೂರತ್ತಿನ ಮೇಲೆ ಹಾರುವ ಉಗಿಹಡಗು, ಅದನ್ನು ನಡೆಸುವ ಹುಡುಗಿ, ಅವಳ ಬೆನ್ನು ಹತ್ತಿದ ರಾಕ್ಷಸ. ಕೊನೆ ಮಾತ್ರ ಏನು ಮಾಡಿದರೂ ಬರಲೊಲ್ಲದು. ಸಾಕಪ್ಪ, ಬಿಟ್ಟೇಬಿಡೋಣ ಅಂತ ನಿಶ್ಚಯಿಸಿ, ಬರೆದಷ್ಟನ್ನು ಅಕ್ಕನ ಕೈಗೆ ಕೊಟ್ಟೆ. ಓದಿ ಹೇಳಿದಳು: "ನಿನ್ನ ರಾಕ್ಷಸ ಲಾಯ್ಕುಂಟು. ಆದ್ರೆ ಕೊನೆ ಎಲ್ಲಿ ಮಾರಾಯ್ತಿ? ಅರ್ಧ ಊಟದಲ್ಲಿ ಎಬ್ಬಿಸ್ತೀಯಾ? ಬರಿ!"

ಬರೆಯುವ ಮೊದಲೇ ಅಕ್ಕ ಆಸ್ಪತ್ರೆ ಸೇರಿದಳು. ಶ್ವಾಸಕೋಶ ಕೈಕೊಟ್ಟಿತ್ತು. ನೋಡಲು ಹೋದರೆ ಆಮ್ಲಜನಕದ ಮಾಸ್ಕು ಸರಿಸಿ ಕೇಳಿದಳು, "ಬರೆದೆಯಾ?" ಇಲ್ಲ ಅಂದೆ. "ಹಾಗಾದ್ರೆ ಬಾಯಲ್ಲೇ ಹೇಳು."

ನನಗೇ ಗೊತ್ತಿಲ್ಲದ ಕೊನೆಯನ್ನು ಹೇಳತೊಡಗಿದೆ. ಹುಡುಗಿ ರಾಕ್ಷಸನನ್ನು ಗೆದ್ದಳು, ಕಲ್ಲಿದ್ದಲು ಮುಗಿಯಿತು, ಕೆಳಗೆ ತಾಪಿ ನದಿ ಕಂಡಿತು. ಅಕ್ಕನಿಗೆ ಆಯಾಸವಾದೀತೆಂದು ಹಡಗನ್ನು ನದಿಗಿಳಿಸಿ ಬೇಗ ಮುಗಿಸಲು ಹೊರಟೆ. ಥಟ್ಟನೆ ನನ್ನ ಕೈ ಹಿಡಿದಳು. "ಇಷ್ಟು ಬೇಗ ಇಳಿಸ್ಬೇಡ. ಕಲ್ಲಿದ್ದಲು ಇಲ್ಲದಿದ್ರೆ ಮೇಜು ಕುರ್ಚಿ ಒಡೆದು ಒಲೆಗೆ ಹಾಕು." ಅಬ್ಬಾ, ಉಸಿರಿಗೆ ಪರದಾಡುವಾಗಲೂ ಎಂಥ ತಲೆ! ಮೇಜು ಹೋಯಿತು, ಮಂಚ ಹೋಯಿತು, ಬಾಗಿಲುಗಳೂ ಹೋದವು. ಹಡಗು ಹಾರುತ್ತಲೇ ಇತ್ತು.

ಆ ವಾರವೇ ಅಕ್ಕ ತೀರಿಕೊಂಡಳು. ನಾನು ಕಾದಂಬರಿ ಮುಗಿಸಿದೆ. ಕೊನೆಯ ಅಧ್ಯಾಯ ಬಹಳ ಉದ್ದವಾಯಿತು, ಸಾಮಾನು ಸುಡುವುದನ್ನೆಲ್ಲ ಕತ್ತರಿಸಿ ಅಂದರು ಪ್ರಕಾಶಕರು. ಆಗುವುದಿಲ್ಲ ಅಂದೆ. ಆ ಸಾಮಾನು ಉರಿದಷ್ಟು ಹೊತ್ತೂ ಅಕ್ಕ ನನ್ನ ಕೈ ಬಿಟ್ಟಿರಲಿಲ್ಲ.